ಬೆನ್ನು ಹತ್ತದ ನಾಯಿ

ನನ್ನ ಹತ್ತಿರ ಈಗ 140 ಕುರಿ, 11 ಆಡು, ಎರಡು ನಾಯಿ ಇವೆ. ಗಂಗಾವತಿ ಸುತ್ತಲಿನ ಬಂಡೆಗುಡ್ಡ, ಕಾರೆಕಂಟಿ, ಜಾಲಿಗಳ ನಡುವೆ ಮೇಯಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ರೈತರು ಕರೆದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತೇನೆ. ಇದೇ ನೆಲ ತೋಳದ್ದೂ ಹೌದು. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸರ್ಕಾರ ತೋಳ ಧಾಮ ಮಾಡಿದೆ, 2025ರಲ್ಲಿ ಅಲ್ಲಿ ಎಂಟು ಮರಿ ಹುಟ್ಟಿದ ಸುದ್ದಿಯೂ ಬಂತು. ಆದರೆ ತೋಳಕ್ಕೆ ಧಾಮದ ಗಡಿಕಲ್ಲು ಎಲ್ಲಿದೆ ಅಂತ ಯಾರು ಹೇಳಬೇಕು? ರಾತ್ರಿ ಅದು ಕುರಿ ಕೂಡುವ ನಮ್ಮ ದಡ್ಡಿಯ ಸುತ್ತಲೇ ಬರುತ್ತದೆ.

ನಾನು ಹತ್ತು ವರ್ಷದವನಿದ್ದಾಗ ಹಿರಿಯರ ಜೊತೆ ಒಂದು ತೋಳದ ಗವಿಗೆ ಹೋಗಿದ್ದೆ. ಹಿಂದಿನ ರಾತ್ರಿ ಒಂದೇ ಹಟ್ಟಿಯಲ್ಲಿ ಒಂಬತ್ತು ಕುರಿಮರಿ ಸತ್ತಿದ್ದವು. ಬಂಡೆ ಸಂದಿಗೆ ಹುಲ್ಲು ತುರುಕಿ, ಮೇಲೆ ಒಣಮೆಣಸಿನಕಾಯಿ ಸುರಿದು ಬೆಂಕಿ ಹಚ್ಚಿದರು. ಹೊಗೆಯೊಳಗಿಂದ ಒಂದು ತೋಳದ ಮರಿ ಸೀನುತ್ತಾ ತೆವಳಿ ಹೊರಬಂತು. ಆಗಷ್ಟೇ ಕಣ್ಣು ಬಿಟ್ಟಿತ್ತು, ನನ್ನ ಎರಡು ಅಂಗೈ ತುಂಬುವಷ್ಟಿತ್ತು. ತಾಯಿ ಎದುರಿನ ದಿಬ್ಬದ ಮೇಲೆ ನಿಂತು ನೋಡುತ್ತಿತ್ತು, ಓಡಲಿಲ್ಲ. ಮುಂದಿನದನ್ನು ಬರೆಯಲಾರೆ. ಆ ಹಿರಿಯರು ಕೆಟ್ಟವರಲ್ಲ. ಒಂಬತ್ತು ಮರಿ ಅಂದರೆ ಒಂದು ಮನೆಯ ವರ್ಷದ ಖರ್ಚು. ಮುಂದೆ ಸತ್ತ ಕುರಿಗೆ ವಿಷ ಹಾಕಿಡುವ ರೂಢಿ ಬಂತು. ಅದನ್ನು ತಿಂದು ತೋಳದ ಜೊತೆ ನರಿ ಸತ್ತವು, ನಮ್ಮ ನಾಯಿಗಳೂ ಸತ್ತವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ತೋಳ ಇದೆ ಎಂದು ಹೇಳಿದರೆ ಮರಿ ಕಳೆದುಕೊಂಡವನ ಹೊಟ್ಟೆಯ ಉರಿ ಆರುವುದಿಲ್ಲ. ಕುರಿ ಉಳಿದರೆ ಮಾತ್ರ ಗವಿಗೆ ಬೆಂಕಿ ಹೋಗುವುದಿಲ್ಲ.

ನನ್ನ ಮೊದಲ ಪ್ರಯತ್ನ ತಪ್ಪಾಗಿತ್ತು. ಮುಧೋಳ ತಳಿ ಬೆರೆತ ಗಂಡುನಾಯಿ ತಂದೆ. ಎತ್ತರ, ತೆಳು ಸೊಂಟ, ಬಿಲ್ಲಿನ ಹಾಗೆ ಚಿಮ್ಮುತ್ತಿತ್ತು. "ತ್ವಾಳ ಬಂತಂದ್ರ ಬೆನ್ನು ಹತ್ತಬೇಕು, ಅದ ನಾಯಿ" ಅಂತ ಅಪ್ಪನೂ ಮೆಚ್ಚಿದ. ಒಂದು ರಾತ್ರಿ ತೋಳ ಕಂಡದ್ದೇ ತಡ, ಅದರ ಹಿಂದೆ ಕತ್ತಲಿಗೆ ನುಗ್ಗಿತು. ಈ ಕಡೆ ದಡ್ಡಿ ಬಯಲಾಯಿತು. ಇನ್ನೊಂದು ತೋಳ ಹಿಂದಿನಿಂದ ಬಂದು ಮರಿ ಎತ್ತಿಕೊಂಡು ಹೋಯಿತು. ಹಗಲು ಮೊಲ, ಕೃಷ್ಣಮೃಗ ಯಾವುದು ಕಂಡರೂ ಓಟ. ಅದು ನಾಯಿಯ ತಪ್ಪಲ್ಲ. ಮುಧೋಳ ಬೇಟೆಯ ನಾಯಿ, ಓಡಿ ಹಿಡಿಯುವುದೇ ಅದರ ಹುಟ್ಟು. ನನಗೆ ಬೇಕಿದ್ದದ್ದು ನಿಲ್ಲುವ ನಾಯಿ.

ಹೊರಗಿನ ಕೆಲವು ಕಥೆಗಳನ್ನು ಓದಿದಾಗ ನನಗೆ ಧೈರ್ಯ ಬಂತು. ನಮೀಬಿಯಾದಲ್ಲಿ ಚೀತಾ ಸಂರಕ್ಷಣೆಯ ಸಂಸ್ಥೆಯೊಂದು 1994ರಿಂದ ರೈತರಿಗೆ ಕಾವಲುನಾಯಿಗಳನ್ನು ಕೊಡುತ್ತಿದೆ, ಆಡು ಉಳಿದರೆ ರೈತ ಚೀತಾಕ್ಕೆ ಗುಂಡು ಹೊಡೆಯುವುದಿಲ್ಲ ಎಂಬ ಲೆಕ್ಕದಲ್ಲಿ. ಆಸ್ಟ್ರೇಲಿಯಾದ ವಾರ್ನಂಬೂಲ್ ಪಕ್ಕದ ಮಿಡ್ಲ್ ಐಲೆಂಡ್‌ನಲ್ಲಿ ನರಿಗಳು ಪುಟ್ಟ ಪೆಂಗ್ವಿನ್‌ಗಳನ್ನು ಮುಗಿಸುತ್ತಾ ಬಂದಾಗ, 2006ರಲ್ಲಿ ಮರೆಮ್ಮಾ ಎಂಬ ತಳಿಯ ಕುರಿಕಾಯುವ ನಾಯಿಯನ್ನೇ ದ್ವೀಪದಲ್ಲಿ ಬಿಟ್ಟರು. ಅಂಥ ತಳಿ ತರಿಸಲು ನನ್ನಲ್ಲಿ ಹಣವಿಲ್ಲ, ನಮ್ಮ ಬಿಸಿಲಿಗೆ ಆ ದಪ್ಪ ಕೂದಲೂ ಹೊಂದುವುದಿಲ್ಲ. ನಮ್ಮ ನಾಟಿ ನಾಯಿಯನ್ನೇ ಆ ರೀತಿ ಬೆಳೆಸಿದರೆ ಹೇಗೆ ಅಂದುಕೊಂಡೆ.

ತಾಯಿ ನೋಡಿ ಮರಿ ತಂದೆ. ಪಕ್ಕದ ಊರಿನ ಒಂದು ಹಟ್ಟಿಯಲ್ಲಿ ಕುರಿಗಳ ನಡುವೆಯೇ ಈಯುತ್ತಿದ್ದ ಹೆಣ್ಣುನಾಯಿ ಅದು. ಏಳು ವಾರದ ಎರಡು ಮರಿ, ಕರಿಯ ಮತ್ತು ಕೆಂಚಿ. ಮನೆಗೆ ಒಯ್ಯಲೇ ಇಲ್ಲ, ನೇರ ಕುರಿಮರಿಗಳ ದಡ್ಡಿಗೆ ಬಿಟ್ಟೆ. ಮಲಗುವುದು ಅಲ್ಲೇ, ಹಾಲು ರೊಟ್ಟಿಯೂ ಅಲ್ಲೇ. ಎತ್ತಿ ಮುದ್ದು ಮಾಡಬೇಡ ಅಂದದ್ದಕ್ಕೆ ಮಗಳು ವಾರಗಟ್ಟಲೆ ಮುನಿಸಿಕೊಂಡಳು. ನಾಲ್ಕು ತಿಂಗಳಾಗುವವರೆಗಿನ ಈ ಹೊತ್ತೇ ಮುಖ್ಯ; ಆಗ ಯಾರ ವಾಸನೆಯಲ್ಲಿ ಬೆಳೆಯುತ್ತದೋ ಅವರನ್ನೇ ನಾಯಿ ತನ್ನವರೆಂದು ತಿಳಿಯುತ್ತದೆ. ಜನರಿಗೆ ಪೂರ್ತಿ ಹೆದರುವ ನಾಯಿಯೂ ಬೇಡ, ಸೂಜಿ ಚುಚ್ಚಿಸುವಾಗ ಹಿಡಿಯಲು ಸಿಗಬೇಕು.

ಎಂಟನೇ ತಿಂಗಳಲ್ಲಿ ಕರಿಯ ಆಟಕ್ಕೆ ಮರಿಗಳ ಕಿವಿ ಕಚ್ಚತೊಡಗಿತು. ಹೊಡೆಯಲಿಲ್ಲ. ಕೊರಳಿಗೆ ಕಟ್ಟಿಗೆ ತುಂಡು ತೂಗುಹಾಕಿದೆ, ಓಡಿದರೆ ಮೊಣಕಾಲಿಗೆ ಬಡಿಯುವಂತೆ, ಮತ್ತು ಹಗಲು ಮರಿಗಳಿಂದ ತೆಗೆದು ಹಳೆಯ ಟಗರುಗಳ ನಡುವೆ ಬಿಟ್ಟೆ. ಎರಡು ತಿಂಗಳಲ್ಲಿ ಟಗರುಗಳೇ ಪಾಠ ಕಲಿಸಿದವು.

ಹೊಟ್ಟೆಯ ವಿಷಯದಲ್ಲಿ ಜಿಪುಣತನ ಮಾಡಬಾರದು. ಹಸಿದ ನಾಯಿ ಬೇಟೆಗೆ ಹೋಗುತ್ತದೆ. ದಿನಕ್ಕೆರಡು ಹೊತ್ತು ರೊಟ್ಟಿ, ಅಂಬಲಿ, ಹಾಲು ತಪ್ಪಿಸುವುದಿಲ್ಲ. ಸತ್ತ ಕುರಿಯನ್ನು ಆಳವಾಗಿ ಹೂಳುತ್ತೇನೆ. ಬಯಲಿಗೆ ಎಸೆದರೆ ತೋಳ ಬರುತ್ತದೆ, ನಾಯಿಗೂ ರುಚಿ ಹತ್ತುತ್ತದೆ.

ಲಸಿಕೆ ಹಾಕಿಸದ ಕಾವಲುನಾಯಿ ತೋಳಕ್ಕೆ ವಿಷಕ್ಕಿಂತ ಕೆಟ್ಟದ್ದು, ಇದನ್ನು ಒತ್ತಿ ಹೇಳುತ್ತೇನೆ. ಹುಚ್ಚುರೋಗ, ಡಿಸ್ಟೆಂಪರ್, ಪಾರ್ವೋ ಎಲ್ಲವೂ ನಾಯಿಯಿಂದ ತೋಳಕ್ಕೆ ಹತ್ತಬಲ್ಲ ರೋಗಗಳು. 2018ರಲ್ಲಿ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್. ನಾಯಿ ಮತ್ತು ತೋಳ ಕೂಡಿದರೆ ಮರಿಯೂ ಆಗುತ್ತದೆ, ತೋಳದ ಕುಲವೇ ಕಲಬೆರಕೆ. ಹಾಗಾಗಿ ಎರಡಕ್ಕೂ ಸಂತಾನಹರಣ ಮಾಡಿಸಿದೆ. "ಗಂಡುತನ ಹೋದ ನಾಯಿ ಏನು ಕಾಯ್ತದ?" ಅಂದರು ಊರವರು.

ಕಾಯಿತು. ಎರಡನೇ ವರ್ಷದ ಚಳಿಗಾಲ, ಕಡಲೆ ಹೊಲದ ಪಕ್ಕ ಬಲೆ ಕಟ್ಟಿ ಕುರಿ ತರುಬಿದ್ದೆವು. ನಡುರಾತ್ರಿ ಕರಿಯನ ಬೊಗಳುವಿಕೆ ಬದಲಾಯಿತು. ಮನುಷ್ಯರಿಗೆ ಬೊಗಳುವ ಸದ್ದಲ್ಲ. ಕೆಳದನಿ, ತಡೆತಡೆದು, ಎದೆಯಿಂದ ಬರುವಂಥದ್ದು. ಕಂಬಳಿ ಸರಿಸಿ ಬ್ಯಾಟರಿ ಬಿಟ್ಟೆ. ನಲವತ್ತು ಹೆಜ್ಜೆ ದೂರದಲ್ಲಿ ಎರಡು ಹಸಿರು ಕಣ್ಣು. ಕರಿಯ ಬಲೆಯಿಂದ ಹದಿನೈದು ಹೆಜ್ಜೆ ಮುಂದೆ ಹೋಗಿ ನಿಂತಿತ್ತು, ಬೆನ್ನಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಸೆಟೆದು. ಕಮ್ಮಾರನಿಂದ ಮಾಡಿಸಿದ ಕೊರಳ ಮುಳ್ಳುಪಟ್ಟಿ ಬೆಳಕಿಗೆ ಹೊಳೆಯಿತು. ಅದು ಓಡಲಿಲ್ಲ. ಬೊಗಳಿತು, ತಿರುಗಿ ಬಲೆಯ ಹತ್ತಿರ ಬಂತು, ಮತ್ತೆ ಹೋಯಿತು. ಕೆಂಚಿ ಆ ಕಡೆಗೆ ನೋಡಲೇ ಇಲ್ಲ, ದಡ್ಡಿಯ ಹಿಂಬದಿಯಲ್ಲಿ ಕತ್ತಲಿಗೆ ಮುಖ ಮಾಡಿ ನಿಂತಿತ್ತು. ತೋಳ ಕುಳಿತುಕೊಂಡಿತು, ಮನೆನಾಯಿ ಕೂತ ಹಾಗೆಯೇ. ಎಷ್ಟೋ ಹೊತ್ತಿನ ಮೇಲೆ ಎದ್ದು ಹಳ್ಳದ ಕಡೆ ನಡೆದುಹೋಯಿತು. ನನ್ನ ಕೈ ನಡುಗುತ್ತಿತ್ತು, ಆದರೆ ಕಲ್ಲು ಎತ್ತಿಕೊಂಡಿರಲಿಲ್ಲ.

ಎಲ್ಲ ಕುರಿ ಉಳಿಯುತ್ತವೆ ಅಂತಲ್ಲ. ಹೋದ ಮಳೆಗಾಲ ಹಗಲಲ್ಲೇ ಹಳ್ಳದ ತಿರುವಿನಲ್ಲಿ ಹಿಂದೆ ಉಳಿದ ಒಂದು ಮರಿ ಹೋಯಿತು. ಆದರೆ ನಾಯಿಗಳು ದೊಡ್ಡವಾದ ಮೇಲೆ ರಾತ್ರಿ ದಡ್ಡಿಯೊಳಗಿಂದ ಒಂದೂ ಹೋಗಿಲ್ಲ.

ಆ ಹಟ್ಟಿಯ ತಾಯಿನಾಯಿ ದೀಪಾವಳಿ ಹೊತ್ತಿಗೆ ಮತ್ತೆ ಈಯುತ್ತದೆ. ಇಬ್ಬರು ಮರಿ ಕೇಳಿದ್ದಾರೆ. ಮೊದಲು ಮರಿದಡ್ಡಿ ಕಟ್ಟಿರಿ, ಲಸಿಕೆಗೆ ದುಡ್ಡು ಎತ್ತಿಡಿರಿ, ಆಮೇಲೆ ಬನ್ನಿ ಅಂದಿದ್ದೇನೆ. ಅವರಲ್ಲಿ ಒಬ್ಬನ ಅಜ್ಜ, ಅವತ್ತು ಗವಿಯ ಬಾಯಿಗೆ ಹುಲ್ಲು ಹೊತ್ತು ತಂದವರಲ್ಲಿ ಒಬ್ಬ.