ಈಜು, ಸೈಕಲ್, ಓಟ: ನನ್ನ ಮೊದಲ ಸ್ಪ್ರಿಂಟ್ ಟ್ರಯಥ್ಲಾನ್

ಸ್ಪ್ರಿಂಟ್ ಟ್ರಯಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಂದರ ಬೆನ್ನಿಗೆ ಒಂದು, ನಡುವೆ ಗಡಿಯಾರ ನಿಲ್ಲುವುದಿಲ್ಲ. ಟ್ರಯಥ್ಲಾನ್ 2000ದಲ್ಲಿ ಸಿಡ್ನಿಯಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತಲ್ಲ, ಅಲ್ಲಿನ ದೂರದ ಸರಿಯಾಗಿ ಅರ್ಧ ಇದು. ನಲವತ್ತು ದಾಟಿದ ಮೇಲೆ, ಆಫೀಸು, ಮನೆ ಎರಡನ್ನೂ ನೋಡಿಕೊಂಡು ಬೆಂಗಳೂರಿನಲ್ಲಿ ಇದಕ್ಕೆ ತಯಾರಾಗಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಮೂರನ್ನೂ ಬೇರೆಬೇರೆಯಾಗಿ ಕಲಿತರೆ ಸಾಲದು. ಈಜುವಾಗಲೇ ಸೈಕಲ್ಲಿಗೆ, ಸೈಕಲ್ ತುಳಿಯುವಾಗಲೇ ಓಟಕ್ಕೆ ಒಂದಿಷ್ಟು ಉಳಿಸಿಕೊಳ್ಳಬೇಕು. ನನ್ನ ತಯಾರಿಯೆಲ್ಲ ನಡೆದದ್ದು ಈ ಲೆಕ್ಕದ ಮೇಲೆ.

ನಮ್ಮ ಊರಿನವರಿಗೆ ದೊಡ್ಡ ಭಯ ಈಜಿನದು. ಕೆರೆಗಳಿರುವ ಊರೇ ಆದರೂ ಇಳಿದು ಈಜುವಂಥ ನೀರು ಉಳಿದಿರುವ ಕೆರೆ ಎಲ್ಲಿದೆ? ಹಾಗಾಗಿ ನಾನು ಭಾಗವಹಿಸಿದ ಸ್ಪರ್ಧೆಯಲ್ಲೂ ಈಜು ಕೊಳದಲ್ಲೇ ಇತ್ತು: 50 ಮೀಟರಿನ ಕೊಳವಾದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 15 ಸಲ, 25 ಮೀಟರಿನದಾದರೆ 30 ಸಲ. ನಾನು ಸದಾಶಿವನಗರದ ಕೊಳದಲ್ಲಿ ಮಹಿಳೆಯರ ಬ್ಯಾಚಿಗೆ ಸೇರಿಕೊಂಡೆ. ಕೈಕಾಲು ಬಡಿಯುವುದು ಬೇಗ ಬಂತು, ಉಸಿರು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಅರ್ಧ ಕೊಳ ದಾಟುವಷ್ಟರಲ್ಲಿ ಎದೆ ಬಿಗಿಯುತ್ತಿತ್ತು. ಕೋಚ್ ಮೂರು ದಿನ ನೋಡುತ್ತ ನಿಂತಿದ್ದವರು ಒಂದು ಬೆಳಿಗ್ಗೆ ಕೊಳದ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತರು.

"ಮೇಡಂ, ಉಸಿರು ಎಳ್ಕೊಳ್ಳೋದು ಆಮೇಲೆ. ಮೊದ್ಲು ಬಿಡೋದು ಕಲೀರಿ. ಮುಖ ನೀರಲ್ಲಿದ್ದಷ್ಟು ಹೊತ್ತೂ ಗುಳ್ಳೆ ಬರ್ತಾನೇ ಇರ್ಬೇಕು."

ಎಲ್ಲವೂ ಇದರಲ್ಲೇ ಇತ್ತು. ನೀರಲ್ಲಿ ಉಸಿರು ಕಟ್ಟಿದಂತಾಗಿ ಗಾಬರಿ ಹುಟ್ಟುವುದು ಸಾಮಾನ್ಯವಾಗಿ ಆಮ್ಲಜನಕ ಮುಗಿದುಹೋಗಿ ಅಲ್ಲ. ಹೊರಗೆ ಬಿಡದೆ ಒಳಗೇ ಇಟ್ಟುಕೊಂಡ ಇಂಗಾಲದ ಡೈಆಕ್ಸೈಡ್ ಏರಿ, ಉಸಿರಾಡು ಉಸಿರಾಡು ಎಂದು ಮೆದುಳು ಒತ್ತಾಯಿಸುತ್ತದೆ. ಅಷ್ಟರಲ್ಲಿ ತಲೆ ಹೊರಳಿಸಿದರೆ ಆ ಒಂದು ಗಳಿಗೆಯಲ್ಲಿ ಬಿಡುವುದೂ ಆಗಬೇಕು, ಎಳೆಯುವುದೂ ಆಗಬೇಕು. ಎರಡೂ ಅರ್ಧಂಬರ್ಧ. ಗೋಡೆ ಹಿಡಿದು, ಮುಖ ಮುಳುಗಿಸಿ, ಮೂಗಿನಿಂದ "ಮ್‌ಮ್‌ಮ್" ಎಂದು ಗುನುಗುತ್ತ ಗುಳ್ಳೆ ಬಿಡುವುದೇ ಎಷ್ಟೋ ದಿನ ನನ್ನ ಪಾಠವಾಗಿತ್ತು. ಅದು ಅಭ್ಯಾಸವಾದ ಮೇಲೆ ದೂರ ತಾನಾಗಿ ಬೆಳೆಯಿತು. ವೇಗದ ಗೋಜಿಗೆ ನಾನು ಹೋಗಲೇ ಇಲ್ಲ, ಈಗಲೂ ಹೊಸಬರಿಗೆ ಹೋಗಿ ಅನ್ನುವುದಿಲ್ಲ. 25.75 ಕಿಲೋಮೀಟರಿನಲ್ಲಿ ಈಜು 750 ಮೀಟರ್. ಅಲ್ಲಿ ಒಂದು ನಿಮಿಷ ಉಳಿಸಲು ಏದುಸಿರು ಬಿಡುತ್ತ ನೀರಿನಿಂದೆದ್ದರೆ ಅದರ ಬೆಲೆ ಸೈಕಲ್ ಮೇಲೆ ತೆರಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗ ಪಕ್ಕದವರ ಜೊತೆ ಮಾತಾಡುವಷ್ಟು ಉಸಿರಿರಬೇಕು, ಅಷ್ಟೇ ನನ್ನ ಗುರಿಯಾಗಿತ್ತು.

ಹೆಚ್ಚು ಸಮಯ ಹಿಡಿಯುವುದು ಸೈಕಲ್. ಹಾಗೆಂದು ಲಕ್ಷಗಟ್ಟಲೆ ಸುರಿದು ಸೈಕಲ್ ಕೊಳ್ಳಬೇಕಿಲ್ಲ; ನಾನು ಹೋದದ್ದು ಮನೆಯಲ್ಲಿದ್ದ, ರೇಸ್ ಸೈಕಲ್ಲಿಗೂ ಗುಡ್ಡದ ಸೈಕಲ್ಲಿಗೂ ನಡುವಿನ ಹೈಬ್ರಿಡ್‌ನಲ್ಲಿ. ಅದಕ್ಕೆ ಸೀಟಿನ ಎತ್ತರ ಸರಿಮಾಡಿಸಿಕೊಂಡದ್ದೇ ದೊಡ್ಡ ಸುಧಾರಣೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಳ್ಳಿದಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಬೇಕಾದಷ್ಟೇ ಬಾಗುತ್ತದೆ. ಬೀದಿಯಲ್ಲಿ ನೋಡಿ, ಬಹಳ ಜನರ ಸೀಟು ತೀರಾ ಕೆಳಗಿರುತ್ತದೆ. ಆಮೇಲೆ ಮಂಡಿನೋವು ಅಂತಾರೆ.

ಭಾನುವಾರ ಆರಕ್ಕೆ ಮುಂಚೆ ಮಲ್ಲೇಶ್ವರ ಬಿಟ್ಟು ಹೆಬ್ಬಾಳ, ಯಲಹಂಕ ದಾಟಿ ರಾಜಾನುಕುಂಟೆ ಕಡೆಗೆ ಹೋಗಿ ಬರುತ್ತಿದ್ದೆ. ಒಬ್ಬಳೇ ಹೋಗಲಿಲ್ಲ, ಹೆಂಗಸರು ಇರಲಿ ಗಂಡಸರು ಇರಲಿ, ಕತ್ತಲಲ್ಲಿ ಒಬ್ಬೊಬ್ಬರೇ ಹೋಗಬೇಡಿ. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇಲ್ಲದೆ ಗೇಟು ದಾಟಬೇಡಿ. ಬಣ್ಣ ಮಾಸಿದ ಹಂಪ್‌ಗಳು ಮುಂಜಾನೆ ಕಣ್ಣಿಗೆ ಬೀಳುವುದೇ ಇಲ್ಲ. ಈ ಓಡಾಟದಲ್ಲಿ ಕಲಿತದ್ದು ಗೇರಿನ ಲೆಕ್ಕ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿದರೆ ವೇಗವೇನೋ ಸಿಗುತ್ತದೆ, ತೊಡೆ ಸತ್ತುಹೋಗುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 80–90 ಸುತ್ತು ತಿರುಗಿಸಿದರೆ ಅದೇ ವೇಗಕ್ಕೆ ಕಾಲು ಉಳಿಯುತ್ತದೆ.

ಕಾಲು ಯಾಕೆ ಉಳಿಯಬೇಕು ಎನ್ನುವುದು ಸೈಕಲ್ ಇಳಿದು ಓಡಿದವರಿಗೇ ಗೊತ್ತು. ಮುಕ್ಕಾಲು ಗಂಟೆ ಸೊಂಟ ಬಗ್ಗಿಸಿ, ಮೈಭಾರ ಸೀಟಿಗೆ ಬಿಟ್ಟು ಒಂದೇ ಸಮ ತಿರುಗಿಸಿದ ಕಾಲು ಇದ್ದಕ್ಕಿದ್ದಂತೆ ನೆಟ್ಟಗೆ ನಿಂತು ಇಡೀ ಮೈ ಹೊರಬೇಕು. ಮೊದಲ ಕೆಲವು ನಿಮಿಷ ಅದು ನಮ್ಮ ಕಾಲೇ ಅಲ್ಲ. ಸೈಕಲ್ ಆದ ತಕ್ಷಣ ಓಡುವ ಈ ಅಭ್ಯಾಸಕ್ಕೆ ಟ್ರಯಥ್ಲಾನ್‌ನವರು ಬ್ರಿಕ್ ಅನ್ನುತ್ತಾರೆ. ನಾನು ಮನೆಗೆ ಬಂದು ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ, ಒಳಗೆ ಹೋಗಿ ಕೂರದೆ, ಹಾಗೇ ಸ್ಯಾಂಕಿ ಕೆರೆ ಕಡೆಗೆ ಓಡುತ್ತಿದ್ದೆ. ದೂರ ಓಡಬೇಕಾಗಿಲ್ಲ, ಹತ್ತು ಹದಿನೈದು ನಿಮಿಷ ಸಾಕು. ಪುಟ್ಟ ಪುಟ್ಟ ಹೆಜ್ಜೆ, ಆದರೆ ಬೇಗ ಬೇಗ. ವಾರಕ್ಕೊಮ್ಮೆ ಹೀಗೆ ಮಾಡುತ್ತ ಬಂದಂತೆ ಕಾಲು ಬೇಗ ಹಿಡಿತಕ್ಕೆ ಬರತೊಡಗಿತು. ಓಟದ ಅಭ್ಯಾಸಕ್ಕೆ ಸಮಯವಿಲ್ಲದಿದ್ದರೆ ಬೇರೆ ದಿನದ ಓಟ ಬಿಡಿ, ಇದೊಂದನ್ನು ಬಿಡಬೇಡಿ.

ಇನ್ನು ಬಟ್ಟೆ, ಶೂ, ಸೈಕಲ್ ಇಟ್ಟಿರುವ ಜಾಗ, ಅಂದರೆ ಟ್ರಾನ್ಸಿಷನ್. ಈಜಿನಿಂದ ಸೈಕಲ್ಲಿಗೆ ಬದಲಾಗುವುದು ಟಿ-1, ಸೈಕಲ್ಲಿನಿಂದ ಓಟಕ್ಕೆ ಟಿ-2. ಎರಡೂ ನಮ್ಮ ಒಟ್ಟು ಸಮಯಕ್ಕೇ ಸೇರುತ್ತವೆ. ಇದರ ಅಭ್ಯಾಸ ನಡೆದದ್ದು ನಮ್ಮ ತಾರಸಿಯಲ್ಲಿ. ಬಕೆಟ್ ನೀರಲ್ಲಿ ಪಾದ ಅದ್ದಿ ಓಡಿ ಬರುವುದು, ಟವೆಲ್ ಮೇಲೆ ಎರಡು ಸಲ ಪಾದ ಒತ್ತುವುದು, ಸಾಕ್ಸ್, ಶೂ, ಹೆಲ್ಮೆಟ್. ಮಗಳ ಕೈಯಲ್ಲಿ ಸ್ಟಾಪ್‌ವಾಚ್. ಒದ್ದೆ ಪಾದಕ್ಕೆ ಸಾಕ್ಸ್ ಹಿಮ್ಮಡಿ ಹತ್ತಿರ ಸುರುಳಿಯಾಗಿ ನಿಂತುಬಿಡುತ್ತದೆ, ಎಳೆದಷ್ಟೂ ಅಂಟುತ್ತದೆ. ಒಳಗೆ ಒಂದು ಚಿಟಿಕೆ ಪೌಡರ್ ಉದುರಿಸಿ, ಬೆರಳಿನ ತುದಿಯವರೆಗೆ ಮೊದಲೇ ಮಡಚಿಟ್ಟರೆ ಒಂದೇ ಎಳೆತಕ್ಕೆ ಏರುತ್ತದೆ. ಶೂಗೆ ಕಟ್ಟುವ ಲೇಸ್ ತೆಗೆದು ಎಲಾಸ್ಟಿಕ್ ಲೇಸ್ ಹಾಕಿಸಿದೆ.

"ಅಮ್ಮಾ, ಸೈಕಲ್ ಮುಟ್ಬೇಡ, ಮೊದ್ಲು ಹೆಲ್ಮೆಟ್ ಬಕಲ್!" ಎಂದು ಅವಳು ಕೂಗಿ ಕೂಗಿ ಆ ನಿಯಮ ಕೈಗೇ ಅಂಟಿಕೊಂಡಿತು. ಬಕಲ್ ಹಾಕಿದ ಮೇಲೆಯೇ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯಬೇಕು, ತಿರುಗಿ ಸ್ಟ್ಯಾಂಡಿಗೆ ಇಟ್ಟ ಮೇಲೆಯೇ ಬಕಲ್ ಬಿಚ್ಚಬೇಕು. ಗುರುತು ಹಾಕಿದ ಗೆರೆ ದಾಟುವವರೆಗೆ ತಳ್ಳಿಕೊಂಡೇ ಓಡಬೇಕು, ಹತ್ತುವ ಹಾಗಿಲ್ಲ. ತಪ್ಪಿದರೆ ದಂಡ ಬೀಳುತ್ತದೆ.

ಬಟ್ಟೆ ಬದಲಿಸುವ ಪ್ರಶ್ನೆ ಹಲವು ಗೆಳತಿಯರು ಕೇಳಿದ್ದಾರೆ. ಬದಲಿಸಬೇಕಾಗಿಲ್ಲ. ಟ್ರೈಸೂಟ್ ಒಂದನ್ನೇ ಹಾಕಿಕೊಂಡು ಮೂರನ್ನೂ ಮುಗಿಸಬಹುದು. ತೊಡೆಯವರೆಗೆ ಬರುತ್ತದೆ, ಬೇಗ ಒಣಗುತ್ತದೆ, ಸೈಕಲ್ಲಿಗೆ ಬೇಕಾದ ತೆಳು ಪ್ಯಾಡ್ ಇರುತ್ತದೆ.

ಸ್ಪರ್ಧೆ ಇದ್ದದ್ದು ಜನವರಿಯಲ್ಲಿ, ಯಲಹಂಕದ ಆಚೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ತಿಂಗಳ ಬೆಳಿಗ್ಗೆ ಬಿಸಿ ಮಾಡದ ಕೊಳಕ್ಕೆ ಇಳಿದರೆ ಮೊದಲ ಕ್ಷಣ ಉಸಿರೇ ನಿಂತಂತಾಗುತ್ತದೆ. ಅದಕ್ಕೇ ಕರೆಯುವ ಮುಂಚೆಯೇ ಮುಖ, ಕುತ್ತಿಗೆಗೆ ನೀರು ಹಾಕಿಕೊಂಡು, ಗುನುಗುತ್ತ ಗುಳ್ಳೆ ಬಿಟ್ಟೆ. ಎರಡೂವರೆ ಗಂಟೆ ಮೊದಲು ಎರಡು ಇಡ್ಲಿ, ಒಂದು ಏಲಕ್ಕಿ ಬಾಳೆಹಣ್ಣು ತಿಂದಿದ್ದೆ. ಇಷ್ಟು ದೂರಕ್ಕೆ ನಡುವೆ ತಿನ್ನಬೇಕಾಗಿಲ್ಲ, ಸೈಕಲ್ ಮೇಲೆ ಉಪ್ಪು-ಸಕ್ಕರೆ ನೀರು ಸಾಕಾಯಿತು. ಈಜಿನಲ್ಲಿ ಹಿಂದಿನವರು ಪಾದ ತಟ್ಟಿದಾಗ ಗೋಡೆ ಹತ್ತಿರ ಸರಿದು ದಾರಿ ಬಿಟ್ಟೆ.

ಸೈಕಲ್ ದಾರಿ ಮೊದಲರ್ಧ ಉತ್ತರಕ್ಕಿತ್ತು. ಚಳಿಗಾಲದಲ್ಲಿ ಇಲ್ಲಿ ಗಾಳಿ ಪೂರ್ವ-ಈಶಾನ್ಯದಿಂದ ಬೀಸುತ್ತದೆ, ಹಾಗಾಗಿ ಹೋಗುವಾಗ ಎದುರುಗಾಳಿ, ಒದ್ದೆ ಮೈ. ರಸ್ತೆಬದಿಯ ದ್ರಾಕ್ಷಿ ಚಪ್ಪರಗಳು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, ಹತ್ತು ಮೀಟರ್ ಅಂತರ ಬಿಡಬೇಕೆಂದು ಹೇಳಿದ್ದರು. ವೇಗ ಎಷ್ಟೆಂದು ನೋಡದೆ ಉಸಿರನ್ನೇ ಅಳತೆಯಾಗಿಟ್ಟುಕೊಂಡು ಗೇರು ಇಳಿಸಿದೆ. ಹಲವರು ನನ್ನನ್ನು ದಾಟಿ ಹೋದರು. ತಿರುಗಿ ಬರುವಾಗ ಗಾಳಿ ನಮ್ಮ ಕಡೆಗಾಯಿತು. ಕೊನೆಯ ಎರಡು ಕಿಲೋಮೀಟರ್ ಇನ್ನೂ ಹಗುರ ಗೇರಿಗೆ ಬಂದು ಕಾಲು ಸಡಿಲ ಮಾಡಿಕೊಂಡೆ. ಓಟದ ಎರಡನೇ ಕಿಲೋಮೀಟರಿನಿಂದ ದಾಟಿ ಹೋದವರಲ್ಲಿ ಕೆಲವರು ಒಬ್ಬೊಬ್ಬರಾಗಿ ಸಿಗತೊಡಗಿದರು. ಒಬ್ಬ ಹುಡುಗ ಸೊಂಟ ಹಿಡಿದು ನಡೆಯುತ್ತಿದ್ದ. "ಸಣ್ಣ ಹೆಜ್ಜೆ ಹಾಕಪ್ಪ, ಬಾ" ಅಂದೆ. ಸ್ವಲ್ಪ ದೂರ ಜೊತೆಗೇ ಓಡಿ, ಆಮೇಲೆ ನನಗಿಂತ ಮುಂದೆ ಹೋದ. ಖುಷಿಯಾಯಿತು.

ಫಲಿತಾಂಶದಲ್ಲಿ ಐದು ಸಮಯ ಬೇರೆಬೇರೆಯಾಗಿ ಕೊಟ್ಟಿರುತ್ತಾರೆ: ಈಜು, ಟಿ-1, ಸೈಕಲ್, ಟಿ-2, ಓಟ. ಒಟ್ಟು ಸಮಯಕ್ಕಿಂತ ಅದನ್ನು ಓದುವುದು ಮುಖ್ಯ. ನನ್ನ ಓಟ, ಅಭ್ಯಾಸದಲ್ಲಿ ಬರೀ 5 ಕಿಲೋಮೀಟರ್ ಓಡಿದಾಗ ಹಿಡಿಯುತ್ತಿದ್ದಕ್ಕಿಂತ ಎರಡೇ ನಿಮಿಷ ಹೆಚ್ಚಿತ್ತು; ಸೈಕಲ್ಲಿನಲ್ಲಿ ಇನ್ನೂ ಸ್ವಲ್ಪ ಒತ್ತಬಹುದಿತ್ತು ಎಂದು ಇದರರ್ಥ. ಮುಂದಿನ ಸ್ಪರ್ಧೆಗೆ ಭಾನುವಾರದ ಸವಾರಿಯ ನಡುವೆ ಐದೈದು ನಿಮಿಷದ ಜೋರು ಸುತ್ತು ಸೇರಿಸಿದ್ದೇನೆ, ಅದರ ಬೆನ್ನಿಗೇ ಸ್ಯಾಂಕಿ ಕೆರೆಯ ಓಟ.