ಸಿನಿಮಾ ಸ್ಕ್ರೀನ್‌ಶಾಟ್ ಹಂಚುವ ಮುಂಚೆ ಕಪ್ಪು ಪಟ್ಟಿ ತೆಗೆಯಿರಿ

ಕೊಡಗಿನಲ್ಲಿ ಶೂಟಿಂಗ್ ಆದ ಸಿನಿಮಾದ ಒಂದು ಫ್ರೇಮ್ ವಾಟ್ಸಾಪ್ ಗುಂಪಿಗೆ ಬಿದ್ದರೆ ಸಾಕು, "ಇದು ಅಬ್ಬಿ ಜಲಪಾತನಾ, ಇರ್ಪುನಾ?" ಅಂತ ಚರ್ಚೆ ಶುರು. ಆದರೆ ಮೇಲೂ ಕೆಳಗೂ ದಪ್ಪ ಕಪ್ಪು ಪಟ್ಟಿ ಉಳಿಸಿಕೊಂಡ ಚಿತ್ರ ಮೊಬೈಲಿನಲ್ಲಿ ಬೆರಳಗಲ ಕಾಣುತ್ತದೆ. ಪಟ್ಟಿ ಕತ್ತರಿಸುವುದು ಸುಲಭ, ಕಣ್ಣಳತೆಯನ್ನು ನಂಬಿದರೆ ಮಾತ್ರ ಕೆಡುತ್ತದೆ.

ಮೊದಲು ಲೆಕ್ಕ. 1920×1080 ವಿಡಿಯೊದಲ್ಲಿ 2.39:1 ಅನುಪಾತದ (ಎತ್ತರದ 2.39 ಪಟ್ಟು ಅಗಲದ) ಸಿನಿಮಾ ಇದ್ದರೆ ನಿಜವಾದ ಚಿತ್ರದ ಎತ್ತರ ಸುಮಾರು 804 ಪಿಕ್ಸೆಲ್. ಉಳಿದ 276ರಲ್ಲಿ ಮೇಲೆ 138, ಕೆಳಗೆ 138. ಅನುಪಾತ 2:1 ಆದರೆ ಪಟ್ಟಿ ತಲಾ 60, 1.85:1 ಆದರೆ ತಲಾ 21 ಮಾತ್ರ. ಹಳೆಯ 4:3 ಚಿತ್ರಗಳಲ್ಲಿ ಪಟ್ಟಿ ಎಡಬಲಕ್ಕೆ ಬರುತ್ತದೆ, ತಲಾ 240.

ಸ್ಕ್ರೀನ್‌ಶಾಟ್ ತೆಗೆಯುವಾಗ ಸಬ್‌ಟೈಟಲ್ ಆಫ್ ಮಾಡಿ. ಅದು ಅರ್ಧ ಚಿತ್ರದ ಮೇಲೆ, ಅರ್ಧ ಪಟ್ಟಿಯ ಮೇಲೆ ಕೂತಿದ್ದರೆ ಕತ್ತರಿಸಿದಾಗ ಅಕ್ಷರಗಳ ತಲೆ ಮಾತ್ರ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ವಿಡಿಯೊ ನಿಲ್ಲಿಸಿ, 'ಇ' (E) ಕೀ ಒತ್ತಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಮಸುಕಿಲ್ಲದ ಫ್ರೇಮ್ ಸಿಕ್ಕಾಗ ಶಿಫ್ಟ್ ಜೊತೆ 'ಎಸ್' ಒತ್ತಿ. ಕೆಲವು ಒಟಿಟಿ ಆ್ಯಪ್‌ಗಳಲ್ಲಿ ಇಡೀ ಸ್ಕ್ರೀನ್‌ಶಾಟೇ ಕಪ್ಪಾಗಿ ಬರುತ್ತದೆ. ಅದು ಕಾಪಿ ತಡೆಯುವ ವ್ಯವಸ್ಥೆ, ಕ್ರಾಪ್ ಮಾಡಿ ಏನೂ ಸಿಗುವುದಿಲ್ಲ.

ಈಗ ಅಸಲಿ ತೊಡಕು. ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ ರಾತ್ರಿ ದೃಶ್ಯ ಅಂದುಕೊಳ್ಳಿ. ಮರದ ತುದಿಯೂ ಕಪ್ಪು, ಪಟ್ಟಿಯೂ ಕಪ್ಪು, ಗಡಿ ಎಲ್ಲಿ? ತಾನಾಗಿ ಕ್ರಾಪ್ ಮಾಡುವ ಸೌಲಭ್ಯ ಇಲ್ಲಿ ಮರದ ತಲೆಯನ್ನೂ ಪಟ್ಟಿಯೆಂದು ಎಣಿಸಿ ಹಾರಿಸಿಬಿಡಬಹುದು. ಜೆಪೆಗ್ ಚಿತ್ರದಲ್ಲಿ ಉಲ್ಟಾ ತೊಂದರೆ: ಪಟ್ಟಿ ಶುದ್ಧ ಕಪ್ಪಾಗಿರದೆ ಸಣ್ಣ ಸಣ್ಣ ಕಲೆ ಇರುವುದರಿಂದ ಆ ಸೌಲಭ್ಯ ಪಟ್ಟಿಯನ್ನು ಗುರುತಿಸದೇ ಹೋಗಬಹುದು. ಆದ್ದರಿಂದ ಅದೇ ಸಿನಿಮಾದ ಬೆಳಕಿನ ಫ್ರೇಮ್ ಒಂದನ್ನು ಅಳತೆಗೆ ಹಿಡಿಯಿರಿ. ಮಾಂದಲ್‌ಪಟ್ಟಿ ಬೆಟ್ಟದ ಬಿಳಿ ಮಂಜಿನಂಥದ್ದು ಸಿಕ್ಕರೆ ಗಡಿ ಗೆರೆ ಕೊರೆದಂತೆ ಕಾಣುತ್ತದೆ. ಅಲ್ಲಿ ಸಿಕ್ಕ ಅಂಕಿಯನ್ನೇ ಉಳಿದ ಫ್ರೇಮ್‌ಗಳಿಗೂ ಹಾಕಿ. ಐಮ್ಯಾಕ್ಸ್ (ಹೆಚ್ಚು ಎತ್ತರದ ದೊಡ್ಡ ಪರದೆಯ ಮಾದರಿ) ದೃಶ್ಯ ಬಂದಾಗ ಅನುಪಾತ ಬದಲಿಸುವ ಸಿನಿಮಾಗಳಿಗೆ ಮಾತ್ರ ಇದು ನಡೆಯದು, ಅಲ್ಲಿ ಪ್ರತಿ ದೃಶ್ಯಕ್ಕೂ ಬೇರೆ ಅಳತೆ. ಬೆಳಕಿನ ಫ್ರೇಮೇ ಇಲ್ಲದಿದ್ದರೆ ಎಡಿಟರಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ಗಡಿ ನೋಡಿಕೊಂಡು, ಆಮೇಲೆ ಅನ್‌ಡೂ ಮಾಡಿ.

ಕಂಪ್ಯೂಟರಿನ ಫೋಟೊ ಎಡಿಟರ್ ಜಿಂಪ್‌ನಲ್ಲಿ ಕ್ರಾಪ್ ಟೂಲ್ ತೆಗೆದರೆ ಅದರ ಆಯ್ಕೆಗಳಲ್ಲಿ ಅಂಕಿಗಳನ್ನೇ ಬರೆಯಬಹುದು. ಎಡದಿಂದ 0, ಮೇಲಿಂದ 140, ಅಗಲ 1920, ಎತ್ತರ 800. ಲೆಕ್ಕಕ್ಕೆ ಸಿಕ್ಕ 138 ಬಿಟ್ಟು 140 ಏಕೆ? ಗಡಿಯ ಒಂದೆರಡು ಸಾಲು ಅರೆಗಪ್ಪಾಗಿರುತ್ತವೆ, ವಿಡಿಯೊ ಕುಗ್ಗಿಸುವಾಗ ಪಟ್ಟಿಯ ಕಪ್ಪು ಚಿತ್ರದೊಳಕ್ಕೆ ಸ್ವಲ್ಪ ಕಲಸಿಕೊಂಡಿರುತ್ತದೆ. ಎರಡು ಪಿಕ್ಸೆಲ್ ಹೋದರೆ ಯಾರಿಗೂ ತಿಳಿಯುವುದಿಲ್ಲ, ಆ ಮಸಿಗೆರೆ ಉಳಿದರೆ ಎಲ್ಲರಿಗೂ ಕಾಣುತ್ತದೆ.

ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ಗೆ ನಾಲ್ಕೂ ಕಡೆ ಪಟ್ಟಿ ಬರಬಹುದು. ಪರದೆ 2400×1080 ಇದ್ದು ವಿಡಿಯೊ 16:9 ಆದರೆ ಎಡಬಲಕ್ಕೆ ತಲಾ 240, ಅದರೊಳಗೆ ಸಿನಿಮಾದ ಸ್ವಂತ ಪಟ್ಟಿ ಬೇರೆ. ಫೋಟೊ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನ ಕ್ರಾಪ್‌ನಲ್ಲಿ 'ಫ್ರೀ' ಆರಿಸಿ, ಒಂದೊಂದೇ ಅಂಚು ಎಳೆಯಿರಿ. ಅನುಪಾತ ಲಾಕ್ ಆಗಿದ್ದರೆ ಒಂದು ಅಂಚು ಸರಿಮಾಡಲು ಹೋಗಿ ಇನ್ನೊಂದು ಹಾಳಾಗುತ್ತದೆ.

ಕತ್ತರಿಸಿದ ಮೇಲೆ ಬಿಳಿ ಹಿನ್ನೆಲೆಯಲ್ಲಿಟ್ಟು ಅಂಚನ್ನು ಜೂಮ್ ಮಾಡಿ ನೋಡಿ. ಡಾರ್ಕ್ ಮೋಡ್ ಗ್ಯಾಲರಿಯಲ್ಲಿ ಉಳಿದ ಗೆರೆ ಕಪ್ಪಿನಲ್ಲಿ ಕಪ್ಪಾಗಿ ಅಡಗಿಬಿಡುತ್ತದೆ. ಉಳಿಸುವುದು ಗುಣಮಟ್ಟ ಕಳೆಯದ ಪಿಎನ್‌ಜಿ ರೂಪದಲ್ಲಿರಲಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಚಿತ್ರ ಕುಗ್ಗದೆ, ಇದ್ದ ಹಾಗೇ ತಲುಪುತ್ತದೆ.