ಕಬ್ಬಿಣದ ದೋಣಿಗೆ ಜಂಗು ಹತ್ತದಂತೆ

ಬೇಸಿಗೆಯಲ್ಲಿ ಕೃಷ್ಣೆಯ ನಾರಾಯಣಪುರ ಜಲಾಶಯದ ಹಿನ್ನೀರು ಇಳಿದಾಗ ದೋಣಿಗಳನ್ನು ದಂಡೆಗೆಳೆದು ಬಣ್ಣ ಬಳಿಯುತ್ತಾರೆ. ಮರುವರ್ಷ ಅದು ಹಪ್ಪಳದಂತೆ ಎದ್ದರೆ ಡಬ್ಬಿಯನ್ನೇ ಬೈಯುತ್ತಾರೆ. ಕೆಟ್ಟಿರುವುದು ಬಣ್ಣವಲ್ಲ, ಉಜ್ಜಿದ ರೀತಿ.

ಗೊತ್ತಿರುವ ಬೆಸುಗೆ ಕೆಲಸವೆಲ್ಲ ಮೊದಲೇ ಮುಗಿಯಲಿ.

ಆಮೇಲೆ ಜಿಡ್ಡು ತೆಗೆಯಿರಿ. ಜಂಗಿನ ಸರದಿ ನಂತರದ್ದು. ಜಿಡ್ಡಿರುವಾಗಲೇ ಗ್ರೈಂಡರ್ ಹಚ್ಚಿದರೆ ಎಣ್ಣೆ ಗೀರುಗಳೊಳಗೆ ಹೊಕ್ಕು ಕೂರುತ್ತದೆ. ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದು ನೀರು ಚೆಲ್ಲಿ ನೋಡಿ. ತೆಳ್ಳಗೆ ಹರಡಿದರೆ ಸರಿ, ಹನಿಗಟ್ಟಿದರೆ ಮತ್ತೆ ತೊಳೆಯಿರಿ. ಸೀಮೆಎಣ್ಣೆಯಲ್ಲಿ ಒರೆಸಬೇಡಿ, ಅದೇ ಜಿಡ್ಡು ಬಿಟ್ಟುಹೋಗುತ್ತದೆ.

ಜಂಗಿನ ಚಕ್ಕೆಗಳನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿ. ಬಡಿದಾಗ ಟಣ್ ಎನ್ನದೆ ಬದ್ದೆಂದರೆ ತಗಡು ಸವೆದಿದೆ. ಅಲ್ಲಿ ಬಣ್ಣವಲ್ಲ, ಹೊಸ ತುಂಡು ಬೇಕು. ತಂತಿ ಬ್ರಷ್ಷೊಂದನ್ನೇ ತಿರುಗಿಸುತ್ತ ಹೋದರೆ ಜಂಗೇ ಪಾಲಿಶ್ ಆಗಿ ಕಂದುಗಪ್ಪು ಹೊಳಪು ಬರುತ್ತದೆ. ಅದನ್ನೇ ಕಬ್ಬಿಣವೆಂದು ನಂಬಿ ಬಳಿಯುವವರೇ ಹೆಚ್ಚು. 40 ನಂಬರಿನ ಒರಟು ಮರಳುಕಾಗದದ ಡಿಸ್ಕಿನಿಂದ ಬೂದುಬಿಳಿ ಲೋಹ ಕಾಣುವವರೆಗೆ ಉಜ್ಜಿ. ಉಗುರಿಗೆ ಗೀರು ತಾಕಬೇಕು. ಕುಳಿಗಳ ತಳದಲ್ಲಿ ಕಪ್ಪುಚುಕ್ಕೆ ಉಳಿದರೆ ಜಂಗು ಅಲ್ಲಿಂದಲೇ ಮತ್ತೆ ಹುಟ್ಟುತ್ತದೆ, ಮೊನಚು ಉಳಿಯಿಂದ ಕೆದರಿ. ಧೂಳನ್ನು ಒಣಬಟ್ಟೆಯಿಂದ ಒರೆಸಿ, ಅಂದೇ ಪ್ರೈಮರ್ ಹಚ್ಚಿ. ರಾತ್ರಿ ಬಿಟ್ಟರೆ ಮರುದಿನ ಮತ್ತೆ ಉಜ್ಜಬೇಕು.

ಅಂಗಡಿಯ ಅಗ್ಗದ ರೆಡ್ ಆಕ್ಸೈಡ್ ಪ್ರೈಮರ್ ಗೇಟಿಗೆ ಸಾಕು, ನೀರೊಳಗೆ ಬಾಳುವುದಿಲ್ಲ. ಎರಡು ಡಬ್ಬಿಯ ಎಪಾಕ್ಸಿಯನ್ನೇ ಕೊಳ್ಳಿ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ದ್ರವ. ಡಬ್ಬಿಯ ಮೇಲಿನ ಅಳತೆ ಬಿಟ್ಟು ಕಣ್ಣಂದಾಜಿನಲ್ಲಿ ಬೆರೆಸಿದರೆ ಅಂಟು ಅಂಟಾಗಿಯೇ ಉಳಿಯುತ್ತದೆ. ಯಾದಗಿರಿಯ ಮೇ ಬಿಸಿಲಿಗೆ ಕಾದ ತಗಡು ಕೈ ಸುಡುತ್ತದೆ. ಅದರ ಮೇಲೆ ಹಚ್ಚಿದರೆ ದ್ರಾವಕ ಥಟ್ಟನೆ ಆರಿ ಸೂಜಿತೂತುಗಳು ಬೀಳುತ್ತವೆ, ಕಲಸಿದ್ದೂ ಬೇಗ ಗಟ್ಟಿಯಾಗುತ್ತದೆ. ತಗಡು ತಣ್ಣಗಿರುವ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಅಂಚಿಗೂ ಬೆಸುಗೆಗೂ ಮೊದಲು ಕುಂಚದಿಂದ ಒಂದು ಕೈ, ಆಮೇಲೆ ಇಡೀ ದೋಣಿಗೆ ತಲಾ 125 ಮೈಕ್ರಾನ್ (ಮಿಲಿಮೀಟರಿನ ಎಂಟನೇ ಒಂದು ಭಾಗ) ದಪ್ಪದ ಮೂರು ಕೈ.

ತಗಡಿನ ಬದಲು ತಾನು ಕರಗಲೆಂದು ಬೆಸೆದ ಲೋಹದ ತುಂಡಿಗೆ, ಅಂದರೆ ಆನೋಡ್‌ಗೆ, ಬಣ್ಣ ತಾಗದಿರಲಿ. ಸಮುದ್ರದ ದೋಣಿಗೆ ಹಾಕುವ ಸತುವು ಸಿಹಿನೀರಲ್ಲಿ ಪದರ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ಕೃಷ್ಣೆಗೆ ಮೆಗ್ನೀಷಿಯಂ ಬೇಕು. ಅರ್ಧ ಕರಗಿದಾಗ ಬದಲಿಸಿ.

ಒಳಗಿನ ಹಲಗೆಯನ್ನು ಎತ್ತಿ ನೋಡುವವರು ಕಡಿಮೆ. ಅದರಡಿ ನಿಂತ ನೀರು ಮತ್ತು ಉಸುಕು ಒಳಗಿನಿಂದಲೇ ತಗಡು ತಿನ್ನುತ್ತವೆ. ಅಲ್ಲಿಗೂ ಇದೇ ಉಜ್ಜು, ಇದೇ ಮೂರು ಕೈ.